ಇಸಿಜಿ ಒಂದ್ ಹೇಳ್ತೈತಿ, ಎಕೋ ಇನ್ನೊಂದ್ ಹೇಳ್ತೈತಿ: ಹಾರ್ಟಿನ ವಿಚಿತ್ರ ಕೇಸು ಸಿಗೂದ ಅಲ್ಲೆ

2025ರ ಜೂನ್-ಜುಲೈದಾಗ ಹಾಸನದ ಕಡೆ ಸಣ್ಣ ವಯಸ್ಸಿನವರು ಹಾರ್ಟ್ ಅಟ್ಯಾಕ್ ಆಗಿ ಸಾಯಾಕತ್ತಾರ ಅಂತ ದಿನಾ ಟಿವಿಯಾಗ ಬರಾಕತ್ತಿತ್ತು, ಮೈಸೂರು ಬೆಂಗಳೂರಿನ ಜಯದೇವ ಆಸ್ಪತ್ರಿಗೆ ಮಂದಿ ಮುಗಿಬಿದ್ರು, ಸರ್ಕಾರ ಕಮಿಟಿ ಮಾಡ್ತು, ಸಾವು ಒಮ್ಮೆಲೇ ಏರಿಲ್ಲ ಅಂತ ಕಮಿಟಿ ವರದಿನೂ ಕೊಟ್ತು. ಆದ್ರ ಅಂಜಿಕಿ ವರದಿ ಓದಿ ಹೋಗೂವಂಥಾದ್ದಲ್ಲ. 2021ರ ಅಕ್ಟೋಬರ್ 29ಕ್ಕ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಿಂದ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆನೂ ಒಂದ ರೂಢಿ ಬಿದ್ದೈತಿ. ಓಣ್ಯಾಗ ಯಾರರ ಹಠಾತ್ ತೀರಿಕೊಂಡ್ರ ಮರುದಿನ ನಾಲ್ಕ ಮಂದಿ ಹೋಗಿ ಇಸಿಜಿ, ಎಕೋ, ಟಿಎಂಟಿ (ಓಡಿಸಿ ಇಸಿಜಿ ತಗಿಯೂ ಟೆಸ್ಟು) ಪ್ಯಾಕೇಜ್ ಮಾಡಿಸ್ಕೊಂಡ ಬರ್ತಾರ, ಎಲ್ಲಾ ನಾರ್ಮಲ್ ಅಂತ ಬಂತಂದ್ರ ಫಾಯಿಲ್ ಕಪಾಟಿನಾಗ, ಸಂಜಿಗೆ ಮತ್ತ ಗಿರ್ಮಿಟ್ ಮಿರ್ಚಿ.

ಮಾಡಿಸಬ್ಯಾಡ್ರಿ ಅಂತ ನಾ ಹೇಳಾಕತ್ತಿಲ್ಲ. ಬಿಪಿ, ಶುಗರ್ ಇದ್ದವರು, ಗುಟಕಾ ಬೀಡಿ ಹಚ್ಚಿಕೊಂಡವರು, ಅಪ್ಪ-ಅಣ್ಣಗ ಸಣ್ಣ ವಯಸ್ಸಿನಾಗ ಅಟ್ಯಾಕ್ ಆದವರು ತೋರಿಸಲೇಬೇಕು. ಆದ್ರ ಈ ಪ್ಯಾಕೇಜ್ ಇರೂದು ರಕ್ತನಾಳದ ಬ್ಲಾಕ್ ಅನ್ನೂ ಒಂದ ದೊಡ್ಡ ರೋಗದ ಸುಳಿವು ಹುಡುಕಾಕ. ಹಾರ್ಟಿಗೆ ಬರೂ ಉಳಿದ ವಿಚಿತ್ರ ರೋಗ ಬಾಳ ಅದಾವು, ಅವು ಒಂದ ಟೆಸ್ಟಿನಾಗ 'ಪಾಸಿಟಿವ್' ಅಂತ ಬರಂಗಿಲ್ಲ. ಅವು ಬಾಳ ಸಲ ಸಿಗೂದು ಒಂದ ಟೆಸ್ಟು ಹೇಳಿದ್ದಕ್ಕೂ ಇನ್ನೊಂದ ಟೆಸ್ಟು ಹೇಳಿದ್ದಕ್ಕೂ ತಾಳಿ ಆಗದ ಜಾಗಾದಾಗ. ಆ ತಾಳಿ ಆಗದ್ದನ್ನ ಯಾರರ ಕುಂತು ನೋಡ್ಬೇಕಲ್ರಿ, ನಮ್ಮ ಕಡೆ ಕೊರತಿ ಇರೂದು ಅಲ್ಲೆ ಅನ್ನೂದು ನನ್ನ ವಾದ.

ಮದ್ಲ ಯಾವ ಟೆಸ್ಟು ಏನ ನೋಡ್ತೈತಿ ಅಂತ ಲಗೂನ ಹೇಳಿಬಿಡ್ತೀನಿ. ಇಸಿಜಿ ನೋಡೂದು ಹಾರ್ಟಿನ ಕರೆಂಟು, ಅದೂ ಕಾಗದದ ಮ್ಯಾಲೆ ಬರೂದು ಸಾಮಾನ್ಯವಾಗಿ 10 ಸೆಕೆಂಡಿನ ಲೆಕ್ಕ, ಆಗ ಸುಮ್ಮನಿದ್ದ ಹಾರ್ಟು ರಾತ್ರಿ ಎರಡಕ್ಕ ಹೆಂಗ ಓಡ್ತೈತಿ ಅಂತ ಅದಕ್ಕ ಗೊತ್ತಿಲ್ಲ, ಅದಕ್ಕ 24 ತಾಸು ಇಸಿಜಿ ಬರಕೊಳ್ಳೂ ಹೋಲ್ಟರ್ ಮೈಗೆ ಕಟ್ಟಬೇಕು. ಎಕೋ ಅಂದ್ರ ಸೌಂಡಿನಿಂದ ಚಿತ್ರ, ಗೋಡಿ ಎಷ್ಟ ದಪ್ಪ, ವಾಲ್ವ್ ಹೆಂಗ ತಗೀತಾವು, ಪಂಪಿಂಗ್ ಎಷ್ಟ ಅಂತ ನೋಡ್ತೈತಿ. ನಮ್ಮ ಮಂದಿ 'ಹಾರ್ಟ್ 60 ಪರ್ಸೆಂಟ್ ಐತಂತ, 40 ಹೋಗೇತಂತ' ಅಂತ ಗಾಬರಿ ಆಗ್ತಾರ, ಆ ಇಎಫ್ (ಒಂದ ಬಡಿತಕ್ಕ ಹಾರ್ಟು ಹೊರಗ ತಳ್ಳೂ ರಕ್ತದ ಪಾಲು) 55ರಿಂದ 70ರ ಒಳಗ ಇದ್ರ ಪೂರ್ತಿ ನಾರ್ಮಲ್ರಿ, ನೂರಕ್ಕ ನೂರು ಯಾರದ್ದೂ ಇರಂಗಿಲ್ಲ. ಟ್ರೋಪೋನಿನ್ ರಕ್ತದ ಟೆಸ್ಟು, ಹಾರ್ಟಿನ ಸ್ನಾಯುಕ್ಕ ಪೆಟ್ಟು ಬಿದ್ದೈತಿ ಅಂತಷ್ಟ ಹೇಳ್ತೈತಿ, ಪೆಟ್ಟು ಯಾರು ಹಾಕಿದ್ರು ಅಂತ ಹೇಳಂಗಿಲ್ಲ. ಎಂಜಿಯೋಗ್ರಾಂ ರಕ್ತನಾಳದ ಒಳಗಿನ ದಾರಿ ತೋರಿಸ್ತೈತಿ, ಸ್ನಾಯು ಹೆಂಗೈತಿ ಅಂತ ಅದರಾಗ ಕಾಣಂಗಿಲ್ಲ. ಸ್ನಾಯುವಿನ ಒಳಗ ಇಣಕಿ ನೋಡೂದು ಕಾರ್ಡಿಯಾಕ್ ಎಂಆರ್‌ಐ.

ಈಗ ಒಂದ ಕೇಸು ಹಿಂಗ ಅಂದ್ಕೋರಿ. ಬ್ಯಾಡಗಿ ಮಾರ್ಕೆಟ್‌ನಾಗ ಹಮಾಲಿ ಮಾಡೂ 45ರ ಮನಷ್ಯಾ, ಚೀಲ ಎತ್ತುವಾಗ ಎದಿ ಹಿಡಿದಂಗ ಆತು, ಇಸಿಜಿಯಾಗ ಟಿ ಅಲೆ (ಪ್ರತಿ ಬಡಿತದ ಗೆರಿಯ ಕಡೀಗೆ ಬರೂ ಉಬ್ಬು) ಆಳಕ್ಕ ಉಲ್ಟಾ ಬಿದ್ದಾವು, ನೋಡಿದವರು ಬ್ಲಾಕ್ ಅಂತ ಎಂಜಿಯೋಗ್ರಾಂಗೆ ಕಳಸಿದ್ರು, ಅಲ್ಲೆ ನಾಳ ಎಲ್ಲಾ ಸ್ವಚ್ಛ. 'ಏನಿಲ್ಲ ಗ್ಯಾಸ್ ಐತಿ' ಅಂತ ಮನಿಗೆ ಕಳಸೂದು ಇಲ್ಲೇ. ನಾಳ ಸ್ವಚ್ಛ ಇದ್ರ ಆ ಟಿ ಅಲೆ ಯಾಕ ಬಿದ್ದಾವು ಅಂತ ಯಾರೂ ಕೇಳಂಗಿಲ್ಲ. ಹಾರ್ಟಿನ ತುದಿಯಾಗಷ್ಟ ಸ್ನಾಯು ದಪ್ಪ ಆಗೂ ಒಂದ ರೋಗ ಐತಿ, ಎಪಿಕಲ್ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ, ಜಪಾನಿನ ಡಾಕ್ಟ್ರು 1970ರ ದಶಕದಾಗ ಬರದದ್ದು, ಏಷ್ಯಾದ ಮಂದ್ಯಾಗ ಜಾಸ್ತಿ ಕಾಣ್ತೈತಿ. ಎಕೋದಾಗ ಆ ತುದಿ ಸರಿಯಾಗಿ ಕಾಣೂದ ಕಷ್ಟ, ಪ್ರೋಬ್ ಸ್ವಲ್ಪ ಮ್ಯಾಲೆ ಕೆಳಗ ಆದ್ರ ತಪ್ಪಿಹೋಗ್ತೈತಿ, ಹಿಂಗಾಗಿ ಎಕೋ ರಿಪೋರ್ಟ್‌ನಾಗೂ ನಾರ್ಮಲ್ ಅಂತ ಬರಬಹುದು. ಇಸಿಜಿ ಇಷ್ಟ ಕೆಟ್ಟದಿದ್ದು ಎಕೋ, ಎಂಜಿಯೋ ಎರಡೂ ಚಲೋ ಅದಾವಂದ್ರ ಎಂಆರ್‌ಐ ಮಾಡಿದ್ರ ತುದಿ ಕಾಣಿಸ್ತೈತಿ, ಇಲ್ಲಂದ್ರ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣೂವಂಗ ಮಾಡೂ ಔಷಧ) ಹಾಕಿ ಎಕೋ ಮಾಡಬಹುದು. ಈ ಹೈಪರ್‌ಟ್ರೋಫಿಕ್ ಜಾತಿ ಎಲ್ಲಾ ಸೇರಿ 500 ಮಂದ್ಯಾಗ ಒಬ್ಬರಿಗೆ ಇರ್ತೈತಿ ಅಂತ ಅಂದಾಜು, ಅಂದ್ರ ಅಷ್ಟೇನೂ ಅಪರೂಪ ಅಲ್ರಿ, ಸಿಗೂದಷ್ಟ ಅಪರೂಪ.

ಉಲ್ಟಾ ಕೇಸು ಇನ್ನೂ ಮಜಾ ಐತಿ. ಎಕೋದಾಗ ಹಾರ್ಟಿನ ಗೋಡಿ ದಪ್ಪ ಕಾಣ್ತೈತಿ. ಗೋಡಿ ದಪ್ಪ ಇದ್ರ ಕರೆಂಟ್ ಜಾಸ್ತಿ ಇರಬೇಕು, ಇಸಿಜಿಯಾಗ ಗೆರಿ ಎತ್ತರಕ್ಕ ಏಳಬೇಕು. ಆದ್ರ ಇಸಿಜಿ ನೋಡಿದ್ರ ಗೆರಿ ಎಲ್ಲಾ ಗಿಡ್ಡ ಗಿಡ್ಡ. ಅಂದ್ರ ಆ ದಪ್ಪ ಸ್ನಾಯುದ್ದಲ್ಲ, ನಡುವ ಬ್ಯಾರೆ ಏನೋ ಬಂದು ತುಂಬೇತಿ. ಅಮಿಲಾಯ್ಡ್ ಅಂತಾರ, ಒಂದ ಥರದ ಪ್ರೋಟೀನ್ ಹಾರ್ಟಿನಾಗ ಜಮಾ ಆಗ್ತಾ ಹೋಗ್ತೈತಿ, ಹಾರ್ಟು ಗಡಸ ಆಗ್ತೈತಿ. ಎಲ್ಲಾ ಅಮಿಲಾಯ್ಡ್ ಪೇಶಂಟಿಗೂ ಗೆರಿ ಗಿಡ್ಡ ಇರ್ಬೇಕಂತ ಇಲ್ಲ, ಆದ್ರ ದಪ್ಪಕ್ಕೂ ಗೆರಿಗೂ ಹೊಂದಿಕಿ ಇಲ್ಲಂದ್ರ ಸಂಶಯ ಬರಲೇಬೇಕು. ವಯಸ್ಸಾದ ಗಂಡಸರಾಗ ಬರೂ ಜಾತಿಯಾಗ ಹಿಂದಿನ ಕತಿ ಬಾಳ ಮುಖ್ಯ: ಐದ-ಹತ್ತ ವರ್ಷದ ಹಿಂದ ಎರಡೂ ಕೈಗೆ ಜೋಮು ಹಿಡಿದು ಮಣಿಕಟ್ಟಿನ ಆಪರೇಷನ್ ಆಗಿರ್ತೈತಿ, ಕಾರ್ಪಲ್ ಟನೆಲ್ ಅಂತಾರಲ್ಲ ಅದು, ಅದನ್ನ ಹಾರ್ಟ್ ಡಾಕ್ಟ್ರ ಮುಂದ ಯಾಕ ಹೇಳಬೇಕು ಅಂತ ಅಜ್ಜಾರು ಬಿಟ್ಟಬಿಡ್ತಾರ. ಇನ್ನೊಂದು ಸುಳಿವು ಐತಿ, ಅದನ್ನ ಕೇಳಿದ್ರ ನಗು ಬರ್ತೈತಿ. ಇಪ್ಪತ್ತ ವರ್ಷದಿಂದ ಬಿಪಿ ಗುಳಿಗಿ ತಗೊಳ್ಳಾಕತ್ತಿದ್ದ ಅಜ್ಜಗ ಬಿಪಿ ತಾನ ಇಳದು ಗುಳಿಗಿ ಬಿಡಿಸ್ಬೇಕಾಗ್ತೈತಿ. ಮನ್ಯಾಗ ಎಲ್ಲಾರೂ ಖುಷಿ, 'ಅಪ್ಪಾರ ಬಿಪಿ ವಾಸಿ ಆತು, ಜೋಳದ ರೊಟ್ಟಿ ಪ್ರತಾಪ'. ಜೋಡಿಗೆ ದಮ್ಮು, ಕಾಲಬಾವು ಇದ್ರ ಅದು ಖುಷಿ ಪಡೂ ಸುದ್ದಿ ಅಲ್ಲ.

ಇದನ್ನ ಪಕ್ಕಾ ಮಾಡಾಕ ಎಲುಬಿನ ಸ್ಕ್ಯಾನಿಗೆ ಬಳಸೂ ಔಷಧ ಇಂಜೆಕ್ಷನ್ ಕೊಟ್ಟು ಮಾಡೂ ಒಂದ ನ್ಯೂಕ್ಲಿಯರ್ ಸ್ಕ್ಯಾನ್ ಐತಿ, ಪಿವೈಪಿ ಸ್ಕ್ಯಾನ್ ಅಂತ, ಆ ಔಷಧ ಎಲುಬು ಬಿಟ್ಟು ಹಾರ್ಟಿನಾಗ ಕುಂತ್ರ ರೋಗ ಅಲ್ಲೈತಿ. ಆದ್ರ ಅದಕ್ಕೂ ಮದ್ಲ ರಕ್ತ ಮತ್ತು ಮೂತ್ರದಾಗ ಲೈಟ್ ಚೈನ್ ಪ್ರೋಟೀನ್ ಐತೇನು ಅಂತ ನೋಡಲೇಬೇಕು, ಯಾಕಂದ್ರ ಇನ್ನೊಂದ ಜಾತಿ ಅಮಿಲಾಯ್ಡ್ ಎಲುಬಿನ ಮಜ್ಜೆಯ ರೋಗದಾಗ ಹುಟ್ಟೂ ಈ ಪ್ರೋಟೀನಿನಿಂದ ಬರ್ತೈತಿ, ಅದಕ್ಕ ಕೀಮೋ ಥರದ ಚಿಕಿತ್ಸೆ ತಡ ಮಾಡದ ಶುರು ಆಗ್ಬೇಕು. ಸ್ಕ್ಯಾನ್ ಒಂದ ನೋಡಿ ಮುಗಿಸಿದ್ರ ಅಲ್ಲೆ ಪೇಶಂಟ್ ಕೈತಪ್ಪಿ ಹೋಗ್ತಾನ.

ನಮ್ಮ ಭಾಗದಾಗ ನಾ ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳೂದು ಟಿಬಿಯ ಕೇಸು. ಹೊಟ್ಟಿ ಉಬ್ಬೇತಿ, ನೀರು ತುಂಬೇತಿ, ಕಾಲು ಬಾತಾವು, ಮನಷ್ಯಾ ಸೊರಗ್ಯಾನ. ಎಲ್ಲಾರೂ ಮದ್ಲ ಕೇಳೂದು 'ಕುಡಿತಾನೇನು?' ಅಂತ. ಲಿವರ್ ಅಂತ ತಿಂಗಳಗಟ್ಟಲೆ ಔಷಧ, ಹೊಟ್ಟಿಯಿಂದ ನೀರು ತಗಸೂದು, ಮತ್ತ ತುಂಬೂದು, ಒಂದಿಷ್ಟ ದಿನ ನಾಟಿ ಔಷಧ. ಕೆಲವ್ರಿಗೆ ಎಕೋನೂ ಆಗಿರ್ತೈತಿ, ಇಎಫ್ 60 ಅಂತ ಬಂದಿರ್ತೈತಿ, ಹಾರ್ಟ್ ಚಲೋ ಐತಿ ಅಂತ ಬಿಟ್ಟಿರ್ತಾರ. ಆದ್ರ ಕಾನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್‌ನಾಗ ಪಂಪು ಚಲೋನೇ ಇರ್ತೈತಿ, ಹಾರ್ಟಿನ ಸುತ್ತ ಇರೂ ತೆಳುವಾದ ಚೀಲ ಮಾತ್ರ ಕೊಬ್ಬರಿ ಚಿಪ್ಪಿನಂಗ ಗಟ್ಟಿ ಆಗಿರ್ತೈತಿ, ಒಳಗ ರಕ್ತ ತುಂಬಾಕ ಜಾಗಾ ಇಲ್ಲ, ಹಿಂಗಾಗಿ ರಕ್ತ ಹಿಂದಕ್ಕ ನಿಂತು ಲಿವರ್ ಊದತೈತಿ, ಹೊಟ್ಟಿಯಾಗ ನೀರು ಬರ್ತೈತಿ. ಈ ರೋಗಕ್ಕ ನಮ್ಮ ದೇಶದಾಗ ದೊಡ್ಡ ಕಾರಣ ಟಿಬಿ.

ಸುಳಿವು ಪುಕ್ಕಟೆ ಸಿಗ್ತೈತ್ರಿ. ಪೇಶಂಟನ್ನ ಅರ್ಧ ಎಬ್ಬಿಸಿ ಕುಂದ್ರಿಸಿ ಕುತ್ತಿಗಿ ನೋಡಿದ್ರ ನರ ಉಬ್ಬಿರ್ತಾವು. ಬರೇ ಲಿವರಿನ ಜಲೋದರದಾಗ ಅಷ್ಟು ಉಬ್ಬೂದು ಕಮ್ಮಿ. ಆಮ್ಯಾಲೆ ಎಕೋ ಮಾಡೂವಾಗ ಉಸಿರು ಒಳಗ ತಗೊಂಡಾಗ ಒಂದ ಥರ, ಬಿಟ್ಟಾಗ ಒಂದ ಥರ ರಕ್ತದ ಹರಿವು ಬದಲಾಗ್ತೈತಿ, ನಡುವಿನ ಗೋಡಿ ಆ ಕಡೆ ಈ ಕಡೆ ಜಿಗಿತೈತಿ. ಅದನ್ನ ನೋಡ್ಬೇಕಂದ್ರ ಎಕೋ ಮಾಡೂವರಿಗೆ 'ಕಾನ್‌ಸ್ಟ್ರಿಕ್ಷನ್ ಐತೇನು ನೋಡ್ರಿ' ಅಂತ ಚೀಟಿ ಮ್ಯಾಲೆ ಬರದಿರಬೇಕು. ಬರೇ 'ಎಕೋ' ಅಂತ ಬರದು ಕಳಸಿದ್ರ, ಹೊರಗ ನಲವತ್ತ ಮಂದಿ ಕುಂತಿರೂವಾಗ ಐದ ಮಿನಿಟಿನಾಗ ಇಎಫ್ ಅಳದು ಕಳಸ್ತಾರ, ಅವರದೂ ತಪ್ಪಲ್ಲ. ಸಿಟಿ ಸ್ಕ್ಯಾನ್‌ನಾಗ ಆ ಚೀಲದ ದಪ್ಪ, ಸುಣ್ಣ ಕಟ್ಟಿದ್ದು ಎರಡೂ ಕಾಣ್ತಾವು, ಕೆಲವೊಬ್ಬರಿಗೆ ಚೀಲ ದಪ್ಪ ಇಲ್ಲದಿದ್ರೂ ರೋಗ ಇರ್ತೈತಿ ಅನ್ನೂದೂ ಗೊತ್ತಿರಲಿ. ಲಗೂ ಸಿಕ್ರ ಟಿಬಿ ಔಷಧದಿಂದ ಕೆಲವರು ಸುಧಾರಿಸ್ತಾರ, ಗಟ್ಟಿ ಆಗಿಬಿಟ್ಟಿದ್ರ ಆಪರೇಷನ್ ಮಾಡಿ ಆ ಚಿಪ್ಪು ಸುಲಿತಾರ. ವಾಸಿ ಆಗೂ ರೋಗಕ್ಕ ಕುಡುಕ ಅನ್ನೂ ಹೆಸರು ಹೊತ್ತು ಸಾಯೂದು ನನಗ ಬಾಳ ಸಿಟ್ಟು ತರೂ ವಿಷಯ.

ಹಳ್ಳಿ ಕಡೆ ಇನ್ನೊಂದು ಐತಿ, ಚೇಳು. ಕೆಂಪು ಚೇಳು ಕಚ್ಚಿದ ಹುಡುಗನ ಇಸಿಜಿ ದೊಡ್ಡ ಹಾರ್ಟ್ ಅಟ್ಯಾಕ್ ಆದವರ ಇಸಿಜಿ ಥರಾನೇ ಬರಬಹುದು, ಟ್ರೋಪೋನಿನ್ ಏರ್ತೈತಿ, ಎಕೋದಾಗ ಪಂಪಿಂಗ್ ಅರ್ಧಕ್ಕ ಇಳದಿರಬಹುದು, ಪುಪ್ಪುಸದಾಗ ನೀರು ತುಂಬ್ತೈತಿ. ಎಂಟ ವರ್ಷದ ಹುಡುಗಗ ಬ್ಲಾಕ್ ಎಲ್ಲಿಂದ ಬರಬೇಕ್ರಿ? ಚೇಳಿನ ವಿಷಕ್ಕ ಮೈಯಾಗ ಅಡ್ರಿನಲಿನ್ ಥರದ ರಸ ಒಮ್ಮೆಲೇ ಉಕ್ಕಿ ಹಾರ್ಟ್ ಮೂರ್ಛೆ ಬಿದ್ದಿರ್ತೈತಿ. ಕೈಕಾಲು ತಣ್ಣಗ, ಧಾರಾಕಾರ ಬೆವರು, ಜೊಲ್ಲು, ವಾಂತಿ ಇದ್ರ ಹೊಳೀಬೇಕು. ಇದಕ್ಕ ಪ್ರಾಜೋಸಿನ್ ಅನ್ನೂ ಅಗ್ಗದ ಗುಳಿಗಿ ಕೆಲಸ ಮಾಡ್ತೈತಿ ಅಂತ ತೋರಿಸಿದವರು ಮಹಾರಾಷ್ಟ್ರದ ಮಹಾಡದಾಗ ಕುಂತು ಪ್ರಾಕ್ಟೀಸ್ ಮಾಡಿದ ಡಾ. ಹಿಮ್ಮತರಾವ್ ಬಾವಸ್ಕರ್, 2022ರಾಗ ಪದ್ಮಶ್ರೀ ಬಂತು ಅವರಿಗೆ. ಸರಿಯಾಗಿ ಚಿಕಿತ್ಸೆ ಆದ್ರ ಕೆಲವ ದಿನದಾಗ ಎಕೋ ಮತ್ತ ನಾರ್ಮಲ್‌ಗೆ ಬರ್ತೈತಿ. ಹೆಚ್ಚುಕಮ್ಮಿ ಇದೇ ಥರದ ಏಟು ದೊಡ್ಡ ದುಃಖದಿಂದನೂ ಬೀಳ್ತೈತಿ, ಮುಟ್ಟು ನಿಂತ ಹೆಣಮಕ್ಕಳಿಗೆ ಜಾಸ್ತಿ, ಟಾಕೋಟ್ಸುಬೋ ಅಂತಾರ, ಎಂಜಿಯೋದಾಗ ಬ್ಲಾಕ್ ಇಲ್ಲ, ಆದ್ರ ಹಾರ್ಟಿನ ತುದಿ ಬಲೂನಿನಂಥ ಆಕಾರಕ್ಕ ಉಬ್ಬಿರ್ತೈತಿ, ಕೆಲವ ವಾರದಾಗ ವಾಪಸ್ ಬರ್ತೈತಿ.

ಬಾಣಂತಿಯರ ವಿಷಯಕ್ಕ ಬಂದ್ರ ಇನ್ನೂ ಸಂಕಟ. ತುಂಬಿದ ತಿಂಗಳದಿಂದ ಹೆರಿಗಿ ಆಗಿ ಐದ ತಿಂಗಳದ ತನಕ ಹಾರ್ಟ್ ದುರ್ಬಲ ಆಗೂ ಪೆರಿಪಾರ್ಟಂ ಕಾರ್ಡಿಯೋಮಯೋಪಥಿ ಅಂತ ಐತಿ. ಮಲಗಿದ್ರ ಉಸಿರು ಹತ್ತೈತಿ, ಕಾಲು ಬಾತಾವು, ರಾತ್ರಿ ಎದ್ದು ಕುಂದ್ರಬೇಕಾಗ್ತೈತಿ ಅಂದ್ರ ಮನ್ಯಾಗ 'ರಕ್ತ ಕಡಿಮಿ ಐತವಾ, ಬಾಣಂತಿ ಅಂದಮ್ಯಾಲೆ ಇದೆಲ್ಲಾ ಇರೂದ' ಅಂತ ಸುಮ್ಮನಾಗಸ್ತಾರ. ಒಂದ ಎಕೋ ಸಾಕ್ರಿ ಇದಕ್ಕ, ಇಎಫ್ 45ಕ್ಕಿಂತ ಕೆಳಗ ಕಂಡ್ರ ಗೊತ್ತಾಗಿಬಿಡ್ತೈತಿ, ಔಷಧ ಐತಿ, ಬಾಳ ಮಂದಿ ಸುಧಾರಿಸ್ತಾರ. ಅದ ಬಾಣಂತಿಗೆ ಒಮ್ಮೆಲೇ ಎದಿನೋವು ಬಂದು ಟ್ರೋಪೋನಿನ್ ಏರಿದ್ರ ರಕ್ತನಾಳದ ಒಳಪದರ ತಾನ ಸೀಳಿರಬಹುದು, ಎಸ್‌ಸಿಎಡಿ ಅಂತಾರ, ಅಲ್ಲೆ ಅವಸರಕ್ಕ ಸ್ಟೆಂಟ್ ಹಾಕಿದ್ರ ಸೀಳು ಉದ್ದ ಆಗೂ ಭಯ ಇರ್ತೈತಿ, ಹಿಂಗಾಗಿ ಪೇಶಂಟ್ ಸ್ಥಿರ ಇದ್ರ ಬಾಳ ಸಲ ಔಷಧ ಕೊಟ್ಟು ಕಾಯ್ತಾರ. ಸಣ್ಣ ವಯಸ್ಸಿನ ಹೆಣಮಗಳಿಗೆ ಹಾರ್ಟ್ ಅಟ್ಯಾಕ್ ಎಲ್ಲಿಂದ ಅಂತ ಇಸಿಜಿನೇ ತಗೀದ ಕಳಸೂದು ಅದಕ್ಕಿಂತ ದೊಡ್ಡ ತಪ್ಪು.

ಈಗ ಸರ್ಕಾರದ ಕಡೆ ಬರೋಣು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಾಗ ತಾಲೂಕು ಆಸ್ಪತ್ರಿಯಾಗ ಇಸಿಜಿ ತಗದು ದೊಡ್ಡ ಆಸ್ಪತ್ರಿಗೆ ಕಳಸ್ತಾರ, ಎಐ ನೆರವಿನಿಂದನೂ ಓದ್ತಾರ, ಅಟ್ಯಾಕ್ ಅಂತ ಖಾತ್ರಿ ಆದ್ರ ಹೆಪ್ಪು ಕರಗಿಸೂ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಹಾಕ್ತಾರ. ಮುಂಡರಗಿಯಿಂದ, ಹಾನಗಲ್‌ದಿಂದ ಹುಬ್ಬಳ್ಳಿಗೆ ಬರೂತನಕ ಸ್ನಾಯು ಸಾಯೂ ಬದಲಿ ಅಲ್ಲೇ ಔಷಧ ಸಿಗೂದು ಬಾಳ ದೊಡ್ಡ ಕೆಲಸ, ಇದರ ಮ್ಯಾಲೆ ನನ್ನ ತಕರಾರು ಒಂದೂ ಇಲ್ಲ. ಆದ್ರ ಎಐ ಇಸಿಜಿ ಓದೂದು ತಾ ಕಲ್ತ ಚಿತ್ರಗಳ ಲೆಕ್ಕದಾಗ. ಎದಿನೋವು ಬೆನ್ನಿಗೆ ಸೀಳಿದಂಗ ಬಂತೋ, ಎರಡೂ ಕೈಯಾಗ ಬಿಪಿ ಬ್ಯಾರೆ ಬ್ಯಾರೆ ಐತೋ ಅಂತ ಅದು ಕೇಳಂಗಿಲ್ಲ, ಕೇಳೂದು ಎದುರಿಗೆ ನಿಂತ ಡಾಕ್ಟ್ರು ಸಿಸ್ಟರ್. ದೊಡ್ಡ ರಕ್ತನಾಳ ಅಯೋರ್ಟಾ ಸೀಳಿದ್ರೂ ಒಮ್ಮೊಮ್ಮೆ ಇಸಿಜಿ ಅಟ್ಯಾಕಿನಂಗ ಕಾಣ್ತೈತಿ, ಅವರಿಗೆ ಹೆಪ್ಪು ಕರಗಿಸೂ ಇಂಜೆಕ್ಷನ್ ಹಾಕಿದ್ರ ಜೀವಕ್ಕ ಅಪಾಯ. ಎರಡ ಕೈಗೆ ಬಿಪಿ ನೋಡಾಕ ಎರಡ ಮಿನಿಟ್ ಸಾಕು, 20ಕ್ಕಿಂತ ಹೆಚ್ಚು ಫರಕ ಇದ್ರ ಸಿಟಿ ಮಾಡೂತನಕ ಕೈ ತಡೀಬೇಕು. ಕಾಲಿನಾಗ ಹೆಪ್ಪುಗಟ್ಟಿ ಪುಪ್ಪುಸಕ್ಕ ಹೋದ ಕೇಸೂ ಹಿಂಗ ಮೋಸ ಮಾಡ್ತೈತಿ, ಎಕೋದಾಗ ಬಲಗಡೆ ಹಾರ್ಟ್ ಊದಿದ್ದು ಕಂಡ್ರ ಅಲ್ಲೆ ದಾರಿ ಸಿಗ್ತೈತಿ.

ಇಸಿಜಿ ತಗಿಯೂವರ ಕೈಚಳಕನೂ ಇದರಾಗ ಐತಿ. ಎಡಗೈ ಬಲಗೈ ವೈರ್ ಅದಲಿಬದಲಿ ಆದ್ರ ಮದ್ಲನೇ ಲೀಡ್ (ಇಸಿಜಿಯಾಗ ಒಂದೊಂದ ದಿಕ್ಕಿನಿಂದ ಬರೂ ಗೆರಿಗೆ ಲೀಡ್ ಅಂತಾರ) ಉಲ್ಟಾ ಬರ್ತೈತಿ, ಹಾರ್ಟು ಹುಟ್ಟಿನಿಂದ ಬಲಗಡೆ ಇದ್ದವರಿಗೂ ಅದ ಉಲ್ಟಾ ಬರ್ತೈತಿ. ಹೆಂಗ ಗೊತ್ತಾಗ್ತೈತಿ ಅಂದ್ರ ಎದಿ ಮ್ಯಾಲಿನ ಆರ ಲೀಡ್ ನೋಡ್ಬೇಕು, ವೈರ್ ತಪ್ಪಿದ್ರ ಅವು ಸರಿ ಇರ್ತಾವು, ಹಾರ್ಟ್ ಬಲಕ್ಕಿದ್ರ ಎಡಕ್ಕ ಹೋದಂಗ ಗೆರಿ ಕುಗ್ಗತಾ ಹೋಗ್ತೈತಿ. ಮಶೀನು 'ಅಬ್‌ನಾರ್ಮಲ್' ಅಂತ ಪ್ರಿಂಟ್ ಹೊಡದು ಸುಮ್ಮನಾಗ್ತೈತಿ ಅಷ್ಟ.

ಎಂಆರ್‌ಐ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರ ನಮ್ಮ ಊರಾಗ 'ಎಂಆರ್‌ಐ ಐತಿ' ಅಂದ್ರ ಹಾರ್ಟಿಂದೂ ಆಗ್ತೈತಿ ಅಂತ ತಿಳ್ಕೋತಾರ. ಟೊಂಕ, ಮೊಣಕಾಲು ಸುಮ್ಮನ ಮಲಗಿರ್ತಾವು, ಹಾರ್ಟು ಕುಣೀತಾ ಇರ್ತೈತಿ, ಹಿಂಗಾಗಿ ಇಸಿಜಿಗೆ ಹೊಂದಿಸಿ, ಪೇಶಂಟ್ ಮತ್ತ ಮತ್ತ ಉಸಿರು ಹಿಡಿದು, ಮುಕ್ಕಾಲ ತಾಸಿನಿಂದ ಒಂದ ತಾಸ ಹಿಡಿತೈತಿ. ಅದಕ್ಕ ಬ್ಯಾರೆ ಸಾಫ್ಟ್‌ವೇರ್ ಬೇಕು, ಅದಕ್ಕಿಂತ ಹಾರ್ಟ್ ಎಂಆರ್‌ಐ ಓದಾಕ ಕಲ್ತ ರೇಡಿಯಾಲಜಿಸ್ಟ್ ಬೇಕು. ಗ್ಯಾಡೊಲಿನಿಯಂ ಔಷಧ ಕೊಟ್ಟು ಹತ್ತ-ಹದಿನೈದ ಮಿನಿಟ್ ಬಿಟ್ಟು ನೋಡಿದ್ರ ಗಾಯದ ಕಲಿ ಬಿದ್ದ ಜಾಗಾ ಬೆಳ್ಳಗ ಹೊಳಿತೈತಿ. ಬೆಳ್ಳಗ ಇರೂದು ಒಳಪದರದಿಂದ ಶುರು ಆಗಿದ್ರ ರಕ್ತನಾಳ ಬಂದ್ ಆದ ಕಲಿ, ಹೊರಪದರದಾಗ ಇಲ್ಲಾ ನಟ್ಟನಡುವ ಇದ್ರ ವೈರಲ್ ಮಯೋಕಾರ್ಡೈಟಿಸ್ (ವೈರಸ್‌ನಿಂದ ಹಾರ್ಟಿನ ಸ್ನಾಯುಕ್ಕ ಬರೂ ಉರಿಯೂತ) ಥರದ ರೋಗದ ಕಡೆ ಬಟ್ಟು ತೋರಿಸ್ತೈತಿ. ಜ್ವರ ಬಂದುಹೋದ ವಾರಕ್ಕ ಎದಿನೋವು ಅಂತ ಬಂದ 25ರ ಹುಡುಗಗ, ಟ್ರೋಪೋನಿನ್ ಏರಿ ಎಂಜಿಯೋ ಸ್ವಚ್ಛ ಬಂದಾಗ, ಜನ್ಮಪೂರ್ತಿ 'ಹಾರ್ಟ್ ಪೇಶಂಟ್' ಅಂತ ರಕ್ತ ತೆಳು ಮಾಡೂ ಗುಳಿಗಿ ನುಂಗೂದು ತಪ್ಪಿಸಾಕ ಈ ಒಂದ ಟೆಸ್ಟು ಸಾಕಾಗಬಹುದು. ಕಿಡ್ನಿ ಬಾಳ ಕೆಟ್ಟವರಿಗೆ ಆ ಔಷಧ ಕೊಡೂ ಮುಂದ ವಿಚಾರ ಮಾಡ್ಬೇಕು, ಹಳೇ ಪೇಸ್‌ಮೇಕರ್ ಇದ್ರ ಮದ್ಲ ಹೇಳ್ಬೇಕು.

ಇಷ್ಟೆಲ್ಲಾ ಓದಿ ಎಲ್ಲಾರೂ ಎಂಆರ್‌ಐ ಮಾಡಿಸಾಕ ಓಡಬ್ಯಾಡ್ರಿ ಮತ್ತ. ತ್ರಾಸ ಇಲ್ಲದವರಿಗೆ ಟೆಸ್ಟ್ ಮಾಡಿದಷ್ಟೂ ಸುಳ್ಳು ಅಲಾರಂ ಜಾಸ್ತಿ, ಅದರಾಗೂ ಹೆಣಮಕ್ಕಳಿಗೆ ಟಿಎಂಟಿ ಸುಳ್ಳು ಪಾಸಿಟಿವ್ ಬರೂದು ಬಾಳ. ಡಯಾಲಿಸಿಸ್ ಮಾಡಿಸ್ಕೊಳ್ಳೂವರಿಗೆ ಟ್ರೋಪೋನಿನ್ ಯಾವಾಗಲೂ ಸ್ವಲ್ಪ ಏರೇ ಇರ್ತೈತಿ, ಅವರಾಗ ಕೆಲವ ತಾಸಿನ ಮ್ಯಾಲೆ ಮತ್ತೊಮ್ಮೆ ನೋಡಿ ಏರಾಕತ್ತೈತೋ ಇಲ್ಲೋ ಅಂತ ಹೋಲಿಸ್ಬೇಕು. ಹೋಲಿಸೂದಂದ್ರ ಹಳೇ ಕಾಗದ ಬೇಕಲ್ರಿ. ಇಸಿಜಿ ಕಾಗದ ದಿನಾ ಹೋದಂಗ ಅಳಿಸಿ ಬಿಳೀ ಆಗಬಹುದು, ಅದನ್ನ ಅವತ್ತ ಮೊಬೈಲ್‌ನಾಗ ಫೋಟೋ ಹೊಡದಿಡ್ರಿ, ಎಂಜಿಯೋ, ಎಂಆರ್‌ಐದ ಸಿಡಿ ಕೇಳಿ ಇಸ್ಕೊಳ್ರಿ, ಬರೇ ರಿಪೋರ್ಟ್ ತಂದ್ರ ಮುಂದಿನ ಡಾಕ್ಟ್ರು ಇನ್ನೊಬ್ಬರ ಮಾತು ಓದಿದಂಗ, ಚಿತ್ರ ನೋಡಿದಂಗಲ್ಲ. ಮತ್ತ ಡಾಕ್ಟ್ರನ್ನ ಕೇಳಾಕ ಅಂಜಬ್ಯಾಡ್ರಿ: 'ಸರ, ಎಂಜಿಯೋ ಚಲೋ ಐತಿ ಅಂದ್ರಿ, ಹಂಗಾದ್ರ ಇಸಿಜಿ ಯಾಕ ಹಿಂಗ ಬಂದೈತಿ?' ಚಲೋ ಡಾಕ್ಟ್ರು ಇದಕ್ಕ ಸಿಟ್ಟಾಗಂಗಿಲ್ಲ, ಒಂದ ನಿಮಿಷ ತಡದು ಮತ್ತೊಮ್ಮೆ ಕಾಗದ ನೋಡ್ತಾರ.

ಕಡೀಕ ಸತ್ತವರ ವಿಷಯ. ಹಠಾತ್ ಸಾವನ್ನ ಸರ್ಕಾರಕ್ಕ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗ್ಬೇಕು ಅಂತ ಆರೋಗ್ಯ ಮಂತ್ರಿ ದಿನೇಶ್ ಗುಂಡೂರಾವ್ 2025ರ ಜುಲೈದಾಗ ಹೇಳಿದ್ರು. ನಮ್ಮ ಕಡೆ ಪೋಸ್ಟ್‌ಮಾರ್ಟಂ ಅಂದ್ರ ಹೆಣ ಕೊಯ್ಯಾಕ ಬಿಡಂಗಿಲ್ಲ ಅಂತಾರ, ದುಃಖದಾಗ ಇದ್ದವರಿಗೆ ಒತ್ತಾಯ ಮಾಡೂದೂ ಕಷ್ಟ. ಆದ್ರ ಅಲ್ಲೆ ಹಾರ್ಟಿನ ಗೋಡಿ ದಪ್ಪ ಸಿಕ್ರ ಅದು ಮನಿತನದ ರೋಗ ಇರಬಹುದು, ಹಂಗಿದ್ರ ಆ ಜೀನು ಮಕ್ಕಳಿಗೆ ಅರ್ಧಕ್ಕರ್ಧ ಬರೂ ಸಂಭವ ಇರ್ತೈತಿ. ಹಾರ್ಟಿನ ಸ್ನಾಯುಕ್ಕ ಸಂಬಂಧಪಟ್ಟ ಎಂವೈಬಿಪಿಸಿ3 ಅನ್ನೂ ಜೀನಿನಾಗ 25 ಅಕ್ಷರ ಬಿಟ್ಟುಹೋಗೂ ಒಂದ ಬದಲಾವಣಿ ದಕ್ಷಿಣ ಏಷ್ಯಾದ ಮಂದ್ಯಾಗ ನೂರಕ್ಕ ಸುಮಾರು ನಾಲ್ಕ ಮಂದಿಗೆ ಐತಿ ಅಂತ 2009ರಾಗ ಪ್ರಕಟ ಆತು, ಇದ್ದವರಿಗೆಲ್ಲಾ ರೋಗ ಬರಂಗಿಲ್ಲ, ಆದ್ರ ಅಪಾಯ ಹೆಚ್ಚು. ಹಾರ್ಟು ನೋಡಾಕ ಪೂರ್ತಿ ಚಲೋ ಇದ್ದು ಸತ್ತಿದ್ರ ಬ್ರುಗಾಡ, ಲಾಂಗ್ ಕ್ಯೂಟಿ ಥರದ ಬರೇ ಕರೆಂಟಿನ ರೋಗ ಇರಬಹುದು, ಅವು ಹೆಣದಾಗ ಕಾಣಂಗಿಲ್ಲ, ಬದುಕಿದ ಅಣ್ಣತಮ್ಮರ ಇಸಿಜಿಯಾಗಷ್ಟ ಕಾಣಬಹುದು, ಬ್ರುಗಾಡದ ಗುರುತು ಜ್ವರ ಇದ್ದಾಗ ಎದ್ದು ಕಾಣ್ತೈತಿ, ಮತ್ತ ಎದಿ ಮ್ಯಾಲಿನ ಮದ್ಲನೇ ಎರಡ ಲೀಡನ್ನ ಒಂದೆರಡ ಪಕ್ಕೆಲುಬಿನಷ್ಟು ಮ್ಯಾಲೆ ಇಟ್ಟು ತಗದ್ರ ಇನ್ನೂ ಚಲೋ ಸಿಗ್ತೈತಿ. ದಪ್ಪ ಗೋಡಿಯ ಮನಿತನದಾಗ ಒಮ್ಮೆ ಎಕೋ ನಾರ್ಮಲ್ ಬಂತು ಅಂತ ಬಿಡಂಗಿಲ್ಲ, ಬೆಳಿಯೂ ಮಕ್ಕಳಿಗೆ ಒಂದ-ಎರಡ ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದ ವರ್ಷಕ್ಕೊಮ್ಮೆ ಇಸಿಜಿ, ಎಕೋ ಎರಡೂ ಮತ್ತ ಮಾಡಿಸ್ಬೇಕು.